ಒದ್ದೆ ಕೈಯ ಅಕ್ಕ

ಅಕ್ಕನ ಬಲಗೈ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬುಡಕ್ಕೆ ಕತ್ತರಿಸಿದ ಉಗುರುಗಳು, ನೀರಿನಲ್ಲೇ ಇದ್ದೂ ಇದ್ದೂ ಸುಕ್ಕುಗಟ್ಟಿದ ಬೆರಳ ತುದಿಗಳು, ಹೆಬ್ಬೆರಳಿನ ಕೆಳಗೆ ಯಾವುದೋ ಕಾಲದಲ್ಲಿ ಮೀನಿನ ಮುಳ್ಳು ಚುಚ್ಚಿ ಉಳಿದ ಒಂದು ಬಿಳಿ ಗುರುತು. ಆ ಕೈಯನ್ನು ಅವಳು ಟ್ಯಾಂಕಿನೊಳಗೆ ಮೊಣಕೈವರೆಗೆ ಇಳಿಸಿ ಸುಮ್ಮನೆ ಹಿಡಿದರೆ ಸಾಕು, ಬೆರಳುದ್ದದ ರೋಹು ಮರಿಯೊಂದು ತಾನಾಗಿ ಬಂದು ಅಂಗೈ ಮೇಲೆ ನಿಲ್ಲುತ್ತಿತ್ತು. ಅದನ್ನು ಹಾಗೆಯೇ ಎತ್ತಿ, ತಕ್ಕಡಿಯ ಮೇಲಿದ್ದ ನೀರಿನ ಬೋಗುಣಿಗೆ ಬಿಟ್ಟು ತೂಕ ಓದಿ, ಅಳತೆಪಟ್ಟಿಗೆ ಹಿಡಿದು ಉದ್ದ ನೋಡಿ ಅವಳು ವಾಪಸ್ ಬಿಡುವಷ್ಟರಲ್ಲಿ, ಪಕ್ಕದ ಟ್ಯಾಂಕಿನ ಹತ್ತಿರ ನಾನು ನನ್ನ ಮೊದಲ ಮೀನನ್ನು ನೆಲದ ಮೇಲಿಂದ ಹೆಕ್ಕುತ್ತಿರುತ್ತಿದ್ದೆ.

ಆ ಕೈ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ತೀರಿಹೋದವರ ಬಗ್ಗೆ ಬರೆಯುವಾಗ ಹೀಗೆಲ್ಲ ಶುರು ಮಾಡಬಾರದು ಎಂದು ಗೊತ್ತು. ಆದರೆ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಅಕ್ಕನ ಬಗ್ಗೆ ಬರೆಯಹೊರಟರೆ ನನ್ನ ಹತ್ತಿರ ಬರೆಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ವಡೋದರಾದ ಫತೇಗಂಜ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಕುಂದಾಪುರದ ಕಡೆಯಿಂದ ಅಪ್ಪ ಬಂದು ಅದನ್ನು ಹಾಕಿದಾಗ ನನಗೆ ಐದು ವರ್ಷ. ಕೆಳಗೆ ಹೋಟೆಲ್, ಮೇಲೆ ಮನೆ, ಹತ್ತು ನಿಮಿಷ ನಡೆದರೆ ಯೂನಿವರ್ಸಿಟಿ. ಅಲ್ಲಿಯೇ ಪ್ರಾಣಿಶಾಸ್ತ್ರ ಓದಿ, ಅಲ್ಲಿಯೇ ಪಿಎಚ್.ಡಿ.ಗೆ ಸೇರಿದೆ. ಅಕ್ಕ ನನಗಿಂತ ಎರಡು ವರ್ಷ ಮೊದಲು, ನನಗೆ ಗೈಡ್ ಆಗಿದ್ದ ಅದೇ ಸರ್ ಕೈಕೆಳಗೆ ಸೇರಿದ್ದಳು. ಅವಳದೂ ಕುಂದಾಪುರದ ಕಡೆಯೇ, ಸಮುದ್ರದ ದಂಡೆಯ ಊರು. ಅವಳ ಅಪ್ಪ ದೋಣಿಯಲ್ಲಿ ಹೋಗುವವರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವರು. ಲ್ಯಾಬಿನಲ್ಲಿ ಎಲ್ಲರಿಗೂ ಅವಳು ದೀದಿ. ನಾನೊಬ್ಬಳೇ ಅಕ್ಕ ಎನ್ನುತ್ತಿದ್ದೆ. ನನ್ನ ಕನ್ನಡ ಆಗ ಗುಜರಾತಿ, ಹಿಂದಿ ಎಲ್ಲ ಸೇರಿದ ಚಿತ್ರಾನ್ನವಾಗಿದ್ದರೂ, ಆ ಒಂದು ಶಬ್ದದ ಮೇಲೆ ನನಗೆ ಬಹಳ ಜಂಭ.

ನಮ್ಮಿಬ್ಬರ ಕೆಲಸವೂ ಒಂದೇ ಬಗೆಯದು. ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಮೀನನ್ನು ಕೊಲ್ಲದಷ್ಟು ಸಣ್ಣ ಪ್ರಮಾಣದಲ್ಲಿ ಸೇರಿದ್ದರೆ ಮೀನಿನ ಬೆಳವಣಿಗೆ ಏನಾಗುತ್ತದೆ ಎಂದು ನೋಡುವುದು. ಅವಳಿಗೆ ಸೀಸ, ನನಗೆ ಕ್ಯಾಡ್ಮಿಯಂ. ಒಂದು ಸಾಲು ಟ್ಯಾಂಕುಗಳಿಗೆ ಲೋಹ ಸೇರಿಸಿದ ನೀರು, ಇನ್ನೊಂದು ಸಾಲಿಗೆ ಶುದ್ಧ ನೀರು. ಈ ಶುದ್ಧ ನೀರಿನ ಸಾಲಿಗೆ ಕಂಟ್ರೋಲ್ ಎನ್ನುತ್ತಾರೆ. ಎರಡಕ್ಕೂ ಒಂದೇ ಶೇಂಗಾ ಹಿಂಡಿ, ಒಂದೇ ಅಕ್ಕಿ ತೌಡು. ತೊಂಬತ್ತು ದಿನ, ಹದಿನೈದು ದಿನಕ್ಕೊಮ್ಮೆ ತೂಕ. ಲೋಹದ ನೀರಿನ ಮೀನು ಸಾಯುವುದಿಲ್ಲ. ಈಜುತ್ತದೆ, ತಿನ್ನುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ ಅಷ್ಟೆ. ಕಿವಿರಿನಿಂದ ಒಳಬಂದ ವಿಷವನ್ನು ಹೊರಹಾಕುವುದರಲ್ಲೇ ಅದರ ಕಸುವೆಲ್ಲ ಖರ್ಚಾಗಿ, ಅದು ಹಾಗೇ ಬೆರಳುದ್ದ ಉಳಿದುಬಿಡುತ್ತದೆ.

ನಾನು ಸೇರಿದ ಮೊದಲ ವಾರ ಅಕ್ಕ ಟ್ಯಾಂಕುಗಳ ನಡುವೆ ನಿಂತು ಇದನ್ನು ತನ್ನ ಭಾಷೆಯಲ್ಲಿ ಹೇಳಿದ್ದಳು. "ಸತ್ತ್ ಮೀನ್ ಎಲ್ಲರಿಗೂ ಕಾಣತ್ತ್, ಪೇಪರಿನಲ್ಲೂ ಬತ್ತ್. ಬೆಳೀದೇ ಇಪ್ಪು ಮೀನ್ ಯಾರಿಗೂ ಕಾಂಬುದಿಲ್ಲ. ಅದನ್ನ್ ಕಾಂಬುಕೆ ನಮ್ಮಂಥವ್ರ್ ಬೇಕ್."

ಎರಡನೆಯ ಪಾಠ, ನಾನು ಟ್ಯಾಂಕಿಗೆ ಕೈ ಹಾಕಹೊರಟಾಗ. ಥಟ್ಟನೆ ನನ್ನ ಮಣಿಕಟ್ಟು ಹಿಡಿದು ಪಕ್ಕದ ಬಕೆಟ್ಟಿನಲ್ಲಿ ಅದ್ದಿದಳು. "ಕೈ ಚಂಡಿ ಮಾಡ್ಕಣೇ ಮೊದ್ಲ್. ಒಣಗಿದ್ ಕೈ ತಾಗಿರೆ ಅದ್ರ್ ಮೈ ಉರಿತ್ತ್." ಮೀನಿನ ಮೈಮೇಲಿನ ಲೋಳೆ ಒಣ ಕೈಗೆ ಅಂಟಿ ಕಿತ್ತುಬರುತ್ತದೆ, ಅದು ಹೋದರೆ ಮೀನಿಗೆ ರಕ್ಷಣೆಯಿಲ್ಲ. ಪುಸ್ತಕದಲ್ಲಿ ನಾನೂ ಓದಿದ್ದೆ. ಓದಿದ್ದು ಬೇರೆ, ಕೈಗೆ ಬರುವುದು ಬೇರೆ. ಅವಳಿಗೆ ಅದು ಎಂಟನೆಯ ವಯಸ್ಸಿಗೇ ಕೈಗೆ ಬಂದಿತ್ತು. ನಾನು ಎಂಟನೆಯ ವಯಸ್ಸಿನಲ್ಲಿ ಹೋಟೆಲಿನ ಟೇಬಲ್ಲಿಗೆ ನೀರಿನ ಲೋಟ ಇಡುತ್ತಿದ್ದೆ.

ಸರ್ ಅವಳನ್ನು ಹೊಗಳುತ್ತಿದ್ದರು. ಅದನ್ನು ಹೇಗೋ ಸಹಿಸಿಕೊಂಡೆ. ಅವರು ಗೋರ್ವಾ ಬಡಾವಣೆಯಿಂದ ಸ್ಕೂಟರಿನಲ್ಲಿ ಬಂದಿಳಿದು ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಿದ್ದ ಪ್ರಶ್ನೆ, "ದೀದಿ ಏನಂತಾಳೆ?" ನನ್ನ ಮೀನಿಗೆ ಹುಷಾರಿಲ್ಲ ಎಂದು ನಾನು ಹೇಳಿದರೂ, "ದೀದಿ ನೋಡಿದಳಾ?" ಸಹಿಸಲಾಗದೆ ಹೋದದ್ದು ಅವಳು ನಮ್ಮ ಮನೆಯೊಳಗೂ ಕಾಲಿಟ್ಟಾಗ.

ನಮ್ಮೂರಿನವಳು ಎಂದು ನಾನೇ ಅವಳನ್ನು ಒಂದು ದಿನ ಹೋಟೆಲಿಗೆ ಕರೆದುಕೊಂಡು ಬಂದೆ. ಇಲ್ಲಿನವರ ನಾಲಗೆಗೆ ತಕ್ಕಂತೆ ಅಪ್ಪ ಸಾಂಬಾರಿಗೆ ಒಂದಿಷ್ಟು ಹೆಚ್ಚೇ ಬೆಲ್ಲ ಹಾಕುತ್ತಿದ್ದರು. ಇಪ್ಪತ್ತು ವರ್ಷದಿಂದ ಯಾರೂ ಚಕಾರವೆತ್ತಿರಲಿಲ್ಲ. ಅಕ್ಕ ಒಂದು ತುತ್ತು ಇಡ್ಲಿ ಅದ್ದಿ ಬಾಯಿಗಿಟ್ಟವಳೇ ಗಲ್ಲಾದ ಕಡೆ ತಿರುಗಿ, "ಇದೆಂತ ಭಟ್ರೇ, ಸಾಂಬಾರಾ ಪಾಯ್ಸವಾ?" ಎಂದಳು. ನಾನು ಹೆದರಿಹೋದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ದಿನದಿಂದ ಅವಳಿಗೊಂದು ಬೇರೆ ಬಟ್ಟಲು, ಬೆಲ್ಲವಿಲ್ಲದ್ದು. ನನಗೆ ಮಾತ್ರ ಅದೇ ಪಾಯಸ.

ಅಮ್ಮನದು ಇನ್ನೂ ಅನ್ಯಾಯ. ನಾನು ಲ್ಯಾಬಿನಿಂದ ಬಂದರೆ ಮೀನು ಮುಟ್ಟಿದವಳೆಂದು ಸೀದಾ ಬಚ್ಚಲಿಗೆ, ಸ್ನಾನ ಮಾಡಿಯೇ ಒಳಗೆ. ಅಕ್ಕ ಬಂದರೆ, "ಕೈ ತೊಳ್ಕಂಡ್ ಬಾ ಮಗಾ, ಬಿಸಿ ಬಿಸಿ ಇತ್ತ್," ಅಷ್ಟೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಇಬ್ಬರೂ ಊರ ಸುದ್ದಿ ಮಾತಾಡುತ್ತಿದ್ದರು. ಯಾವ ಹೊಳೆ ಎಲ್ಲಿ ಕಡಲು ಸೇರುತ್ತದೆ, ಯಾವ ತಿಂಗಳ ಗಾಳಿ ಹೇಗೆ ಎಂಬುದೆಲ್ಲ ಅಲ್ಲಿ ಬರುತ್ತಿತ್ತು. ಆ ಮಾತಿನ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ನಡುವೆ ಬಾಯಿ ಹಾಕಿದರೆ ಅಮ್ಮ, "ನಿಂಗೆ ಗೊತ್ತಾತಿಲ್ಲ, ಸುಮ್ನಿರ್," ಎನ್ನುತ್ತಿದ್ದಳು. ನನ್ನ ಅಮ್ಮ, ನನ್ನ ಅಡುಗೆಮನೆ. ನಾನು ಪರಸ್ಥಳದವಳ ಹಾಗೆ ಬಾಗಿಲಲ್ಲಿ ನಿಂತಿರುತ್ತಿದ್ದೆ.

ನನ್ನ ಮೂರನೆಯ ವರ್ಷ, ಅಕ್ಕನ ಐದನೆಯದು. ರೋಹು ಮರಿಗಳು ಮಳೆಗಾಲದಲ್ಲಿ ಮಾತ್ರ ಸಿಗುತ್ತವೆ. ಅವಳ ಕೊನೆಯ ಪ್ರಯೋಗ ಆ ವರ್ಷ ಮುಗಿಯಬೇಕು, ಫೆಲೋಶಿಪ್ ಡಿಸೆಂಬರಿಗೆ ಮುಗಿಯುತ್ತದೆ, ಥೀಸಿಸ್ ಕೊಟ್ಟರೆ ಊರಿನ ಹತ್ತಿರದ ಒಂದು ಕಾಲೇಜಿನಲ್ಲಿ ಕೆಲಸ ಸಿಗುವ ಮಾತಾಗಿತ್ತು. ನಾವಿಬ್ಬರೂ ಒಂದೇ ದಿನ ಮರಿ ತಂದು ಟ್ಯಾಂಕಿಗೆ ಬಿಟ್ಟೆವು. ಹದಿನೈದು ದಿನಕ್ಕೆ ಮೊದಲ ತೂಕ ತೆಗೆದಾಗ ಅವಳ ಕಂಟ್ರೋಲ್ ಮೀನುಗಳು ನನ್ನವಕ್ಕಿಂತ ಎದ್ದು ಕಾಣುವಷ್ಟು ಚೆನ್ನಾಗಿ ಬೆಳೆದಿದ್ದವು. ಅದೇ ಮರಿ, ಅದೇ ಹಿಂಡಿ. ಸರ್ ನನ್ನ ತೂಕದ ಪುಸ್ತಕ ನೋಡಿ ಬದಿಗಿಟ್ಟರು. ಅವಳದನ್ನು ನೋಡಿ "ವಾಹ್" ಎಂದರು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿಗೆ ಆಗದು. ಅದಕ್ಕೇ ಅಕ್ಕ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಎರಡು ದಿನ ನೀರು ತುಂಬಿಸಿಟ್ಟು ಆಮೇಲೆ ಇಬ್ಬರ ಟ್ಯಾಂಕುಗಳಿಗೂ ಬಿಡುತ್ತಿದ್ದಳು. ನನಗೆ ಅನುಮಾನ ಶುರುವಾಯಿತು: ಚೆನ್ನಾಗಿ ಹಳತಾದ ನೀರನ್ನು ಅವಳು ತನಗೆ ಇಟ್ಟುಕೊಂಡು ನನಗೆ ಆಗತಾನೆ ಹಿಡಿದ ನೀರು ಬಿಡುತ್ತಿದ್ದಾಳೆ. ಹಾಗೇನೂ ಇರಲಿಲ್ಲ. ಆದರೆ ಹೊಟ್ಟೆ ಉರಿಯುವವರಿಗೆ ಪುರಾವೆ ಯಾಕೆ ಬೇಕು?

ಮಾರನೆಯ ದಿನದಿಂದ ನಾನು ಮನೆಯಿಂದ ನೀರು ಒಯ್ಯತೊಡಗಿದೆ. ರಾತ್ರಿಯಿಡೀ ಇಟ್ಟ ನೀರು, ಬೆಳಿಗ್ಗೆ ಎರಡು ಕ್ಯಾನ್ ತುಂಬಿಸಿ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು, ಯಾರೂ ಬರುವ ಮೊದಲೇ ಕಂಟ್ರೋಲ್ ಟ್ಯಾಂಕುಗಳಿಗೆ. ಕ್ಯಾಡ್ಮಿಯಂ ಮೀನುಗಳಿಗೆ ಒಯ್ಯಲಿಲ್ಲ. ಹೇಗೂ ಬೆಳೆಯದವಕ್ಕೆ ಒಳ್ಳೆಯ ನೀರು ಯಾಕೆ ಎಂದುಕೊಂಡೆ. ವಿಜ್ಞಾನ ಓದಿದವರು ಇದನ್ನು ಓದುತ್ತಿದ್ದರೆ ಇಲ್ಲಿ ಹಣೆ ಚಚ್ಚಿಕೊಳ್ಳುತ್ತಾರೆ. ಎರಡು ಸಾಲಿಗೂ ಒಂದೇ ನೀರಿಲ್ಲದಿದ್ದರೆ ಅದು ಪ್ರಯೋಗವೇ ಅಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರಿಗೂ ಹೇಳಲಿಲ್ಲ. ನನಗೆ ಪ್ರಯೋಗ ಬೇಕಿರಲಿಲ್ಲ, ಅಕ್ಕನ ಮೀನಿಗಿಂತ ದಪ್ಪದ ಮೀನು ಬೇಕಿತ್ತು.

ಎರಡನೆಯ ತೂಕದಲ್ಲಿ ನನ್ನ ಕಂಟ್ರೋಲ್ ಮೀನುಗಳು ಅಷ್ಟಕ್ಕಷ್ಟೇ. ಮೂರನೆಯದರಲ್ಲಿ ಪೂರ್ತಿ ನಿಂತೇಹೋಗಿದ್ದವು. ಕ್ಯಾಡ್ಮಿಯಂ ಮೀನಿಗೂ ಅವಕ್ಕೂ ವ್ಯತ್ಯಾಸವೇ ಇಲ್ಲ. ಹಾಕಿದ ಹಿಂಡಿ ತಳದಲ್ಲಿ ಹಾಗೇ ಬಿದ್ದಿರುತ್ತಿತ್ತು. ಅಕ್ಕನ ಮೀನುಗಳು ಮಾತ್ರ ಬೆಳೆಯುತ್ತಲೇ ಇದ್ದವು. ಅವಳು ನನ್ನ ಟ್ಯಾಂಕಿಗೆ ಬಗ್ಗಿ ನೀರು ಮೂಸಿ, ಕೈ ಇಳಿಸಿ, "ಎಂತದೋ ಆಯ್ತ್ ಹೆಣ್ಣೇ ಇವ್ಕೆ. ನೀರ್ ಎಲ್ಲಿಂದ್ ಹಾಕ್ತಿದ್ದೆ?" ಎಂದು ಕೇಳಿದಳು. "ಡ್ರಮ್ಮಿಂದ," ಎಂದೆ.

ಅದು ನವರಾತ್ರಿ ಮುಗಿದ ಬೆನ್ನಿಗೇ ಬರುವ ಶರದ್ ಪೂರ್ಣಿಮೆಯ ಸಮಯ. ಸಂಜೆ ನಾಲ್ಕಕ್ಕೇ ಎಲ್ಲರೂ ಗರ್ಬಾ ಕುಣಿತಕ್ಕೆ ಸಿಂಗರಿಸಿಕೊಳ್ಳಲು ಓಡುತ್ತಿದ್ದರು. ಖಾಲಿ ಲ್ಯಾಬಿನಲ್ಲಿ ಸರ್ ನನ್ನನ್ನು ಕೋಣೆಗೆ ಕರೆದು, ಹೀಗೇ ಆದರೆ ವಿಷಯ ಬದಲಿಸಬೇಕಾಗುತ್ತದೆ ಎಂದರು. ಕಾರಣ ಏನಿರಬಹುದು ಎಂದು ಕೇಳಿದರು. ನಾನು ಹೇಳಿದ್ದು ಒಂದೇ ಮಾತು. "ಸರ್, ಭಾನುವಾರ ಟ್ಯಾಂಕ್ ರೂಮಿನ ಕೀ ದೀದಿ ಹತ್ತಿರ ಇರುತ್ತೆ."

ಸರ್ ಕನ್ನಡಕ ತೆಗೆದರು. "ಅವಳ ಮೀನು ಚೆನ್ನಾಗಿವೆಯಲ್ಲ?"

"ಹೌದು ಸರ್. ಅವಳವು ಚೆನ್ನಾಗಿವೆ."

ಇಷ್ಟೇ. ಆಮೇಲೆ ಎಷ್ಟೋ ವರ್ಷ ನಾನು ನನಗೇ ಹೇಳಿಕೊಳ್ಳುತ್ತಿದ್ದೆ, ನಾನು ಸುಳ್ಳೇನೂ ಹೇಳಲಿಲ್ಲ ಎಂದು. ಕೀ ಅವಳ ಹತ್ತಿರ ಇದ್ದದ್ದು ನಿಜ, ಮೀನು ಚೆನ್ನಾಗಿದ್ದದ್ದೂ ನಿಜ.

ಮಾರನೆಯ ಬೆಳಿಗ್ಗೆ ಸರ್ ಅವಳನ್ನು ಕರೆದು, ಈ ಗೊಂದಲ ತಿಳಿಯಾಗುವವರೆಗೆ ಟ್ಯಾಂಕ್ ರೂಮನ್ನು ಒಬ್ಬರೇ ನೋಡಿಕೊಳ್ಳಲಿ, ಎಲ್ಲ ಟ್ಯಾಂಕುಗಳ ಜವಾಬ್ದಾರಿಯೂ ನನಗಿರಲಿ ಎಂದರು. ಅಕ್ಕ ಗೊಂಚಲಿನಿಂದ ಕೀ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಆಗಲೂ ಅವಳ ಕೈ ಒದ್ದೆ. "ಏಳನೇ ಟ್ಯಾಂಕಿನ್ ಪಂಪ್ ಸ್ವಲ್ಪ ಕಾಣ್, ನಿಂತ್ ನಿಂತ್ ಹೋತ್ತ್," ಎಂದಳು. ಅಷ್ಟು ಹೇಳಿ ಹೋಗಿ ಲೈಬ್ರರಿಯಲ್ಲಿ ಕೂತಳು.

ಗೆದ್ದೆ ಎನಿಸಿತು. ಅಕ್ಕನ ಮೀನುಗಳೂ ಈಗ ನನ್ನ ಕೈಕೆಳಗೆ. ಅವಕ್ಕೆ ಕೇಡು ಮಾಡುವ ಯೋಚನೆ ನನಗಿರಲಿಲ್ಲ, ಇದನ್ನು ದಯವಿಟ್ಟು ನಂಬಬೇಕು. ಬದಲಿಗೆ, ಅವಳ ಕೈಯಿಲ್ಲದೆಯೂ ಅವು ಇನ್ನೂ ಚೆನ್ನಾಗಿ ಬೆಳೆಯಲಿ, ಎಲ್ಲರೂ ನೋಡಲಿ ಎಂಬ ಹಟ. ಮನೆಯ ನೀರನ್ನು ಅವಳ ಕಂಟ್ರೋಲ್ ಟ್ಯಾಂಕುಗಳಿಗೂ ಹಾಕತೊಡಗಿದೆ. ನನ್ನ ಮೀನುಗಳು ಬೆಳೆಯದ್ದಕ್ಕೆ ಆ ನೀರೇ ಕಾರಣವಿರಬಹುದು ಎಂಬ ಯೋಚನೆ ತಲೆಯ ಹತ್ತಿರವೂ ಸುಳಿಯಲಿಲ್ಲ. ಅದು ನನ್ನ ಅಮ್ಮ ತುಂಬಿಸಿಟ್ಟ ನೀರು.

ದೀಪಾವಳಿಗೆ ಎರಡು ದಿನ ಮುಂಚೆ ನಾಲ್ಕನೆಯ ತೂಕ. ಸರ್ ಎದುರಿನಲ್ಲಿ ಅಕ್ಕ ತನ್ನ ಮೀನುಗಳನ್ನು ತಾನೇ ತೂಗಿದಳು. ಮೊದಲ ಮೀನು ಎತ್ತಿದಾಗಲೇ ಅವಳ ಕೈಗೆ ಗೊತ್ತಾಗಿರಬೇಕು. ತೂಕ ಓದಿ, ಮತ್ತೆ ಇಟ್ಟು ಓದಿ, ತಕ್ಕಡಿಯನ್ನು ಸೊನ್ನೆಗೆ ತಂದು ಮೂರನೆಯ ಬಾರಿ ಓದಿದಳು. ಹದಿನೈದು ದಿನದ ಹಿಂದಿನ ತೂಕವೇ. ಒಂದು ಕ್ಷಣ, ಒಂದೇ ಒಂದು ಕ್ಷಣ, ನನಗೆ ಖುಷಿಯಾಯಿತು. ಮರುಕ್ಷಣ ನೆನಪಾಯಿತು: ಅಕ್ಕ ಆ ರೂಮಿಗೆ ಕಾಲಿಟ್ಟೇ ಇರಲಿಲ್ಲ. ಸರ್ ನನ್ನ ಮುಖ ನೋಡಿದರು. ನಾನು ಏಳನೆಯ ಟ್ಯಾಂಕಿನ ಪಂಪು ನೋಡಿದೆ.

ಮಾರನೆಯ ದಿನ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆ ಕೊಡಪಾನಗಳನ್ನೆಲ್ಲ ತಿಕ್ಕಿ ತೊಳೆದು ಹೊಸ ನೀರು ತುಂಬುವುದು. ಊರಿಂದ ದೂರ ಬಂದರೂ ಅಮ್ಮ ಇದನ್ನು ಬಿಟ್ಟವಳಲ್ಲ. ಊರಿಗೆ ಹೋಗದ ಅಕ್ಕನನ್ನು ಹಬ್ಬಕ್ಕೆ ಕರೆದದ್ದೂ ಅವಳೇ. ಲ್ಯಾಬಿನಲ್ಲಿ ನಡೆದದ್ದು ಅವಳಿಗೇನು ಗೊತ್ತು? ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ನಾಲ್ಕು ಗಂಟೆಗೆ ಬಂದಳು, ಎಂದಿನ ಹಾಗೆ, ಅಮ್ಮನಿಗೊಂದು ಮೊಳ ಮಲ್ಲಿಗೆ ತೆಗೆದುಕೊಂಡು.

ಹಿತ್ತಿಲ ಕಡೆಯ ನಲ್ಲಿಯ ಹತ್ತಿರ ಅಮ್ಮ ನಮ್ಮ ದೊಡ್ಡ ತಾಮ್ರದ ಕೊಡಪಾನವನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಕೊಡಪಾನ ಮಾವಿನ ಚಿಗುರಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದರಿಂದ ಇಳಿದ ನೀರು ಸಿಮೆಂಟಿನ ಮೇಲೆ ತಿಳಿಯಾದ ಹಸಿರು ನೀಲಿಯಾಗಿ ಹರಿಯುತ್ತಿತ್ತು. ಅಕ್ಕ ಆ ನೀರನ್ನು ನೋಡುತ್ತ ನಿಂತಳು.

"ಅಮ್ಮಾ, ಈ ಕೊಡಪಾನದ್ ನೀರ್ ಎಂತಕ್ಕೆ ಬಳಸ್ತ್ರಿ?"

"ಕುಡೂಕೆ ಮಗಾ. ರಾತ್ರಿ ತುಂಬ್ಸಿಟ್ರೆ ಬೆಳಿಗ್ಗೆ ಮೈಗೆ ಒಳ್ಳೇದಲೆ. ಈಗ ಒಂದೂವರೆ ತಿಂಗ್ಳಿಂದ ನಿಮ್ ಮೀನಿಗೂ ಇದೇ ನೀರ್ ಅಲ್ದಾ? ಇವ್ಳ್ ದಿನಾ ಎರಡ್ ಕ್ಯಾನ್ ತಕಂಡ್ ಹೋತ್ಳ್."

"ದಿನಾ ಹುಳಿ ಹಾಕಿ ತಿಕ್ತ್ರ್ಯಾ?"

"ಮತ್ತೆ? ಮೀನಾದ್ರೆ ಎಂತ, ಕುಡೂ ನೀರೇ ಅಲ್ದಾ ಅದಕ್ಕೂ?" ಅಮ್ಮನ ಮುಖದಲ್ಲಿ ಹೆಮ್ಮೆ. ಮಗಳ ಓದಿಗೆ ತಾನೂ ಒಂದಿಷ್ಟು ಮಾಡಿದೆ ಎಂಬ ಹೆಮ್ಮೆ.

ಅಕ್ಕ ನನ್ನ ಕಡೆ ತಿರುಗಿದಳು. ನಾವಿಬ್ಬರೂ ಭಾರಲೋಹದ ವಿದ್ಯಾರ್ಥಿಗಳು. ಮನುಷ್ಯರು ಕುಡಿದು ಸುಖವಾಗಿರುವಷ್ಟು ತಾಮ್ರ, ಹಗಲೂ ರಾತ್ರಿ ಕಿವಿರಿನಿಂದ ನೀರನ್ನು ಎಳೆದುಕೊಳ್ಳುವ ಬೆರಳುದ್ದದ ಮೀನಿಗೆ ವಿಷ ಎಂದು ಇಬ್ಬರಿಗೂ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು. ಇಬ್ಬರೂ ಸರಿಯಾಗಿ ಉತ್ತರ ಬರೆದಿದ್ದೆವು. ಹುಳಿ ಹಾಕಿ ತಿಕ್ಕಿದ ತಾಮ್ರ ರಾತ್ರಿಯಿಡೀ ನೀರಿಗೆ ಇಳಿಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ನನ್ನ ಪಾಲಿಗೆ ತಾಮ್ರ ಲ್ಯಾಬಿನ ಸೀಸೆಯೊಳಗೆ ಮಾತ್ರ ಲೋಹವಾಗಿತ್ತು. ಮನೆಯಲ್ಲಿ ಅದು ಅಮ್ಮನ ಕೊಡಪಾನ.

ಅಕ್ಕ ಕೊಡಪಾನ ತುಂಬಿಸಲು ಕೈಹಚ್ಚಿದಳು, ಅದರ ಕೊರಳಿಗೆ ಹೂವು ಕಟ್ಟಿದಳು, ಊಟಕ್ಕೆ ಕೂತು ಅಮ್ಮ ಬಡಿಸಿದ್ದನ್ನೆಲ್ಲ ತಿಂದಳು. ಹೊರಡುವಾಗ ನಾನು ಮೆಟ್ಟಿಲು ಇಳಿದು ಜೊತೆಗೆ ಹೋದೆ. ಚಪ್ಪಲಿ ಮೆಟ್ಟುತ್ತ ಕೇಳಿದಳು.

"ನನ್ನ್ ಟ್ಯಾಂಕಿಗೂ ಹಾಕಿದ್ಯಾ?"

ತಲೆಯಾಡಿಸಿದೆ. ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೋಟೆಲಿಗೆ ಬರುವವರು ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಆಮೇಲೆ ಎದ್ದು, "ನಾಳೆ ಬೆಳಿಗ್ಗೆ ಎಲ್ಲ ಟ್ಯಾಂಕಿಂದೂ ನೀರಿನ್ ಸ್ಯಾಂಪಲ್ ತೆಗಿ. ಒಂದ್ ಹನಿ ಚೆಲ್ಬೇಡ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಅಮ್ಮಂಗೆ ಹೇಳ್ಬೇಡ," ಎಂದಳು.

ಅದು ನನಗೆ ತೋಚಿರಲಿಲ್ಲ. ನನ್ನ ಅಮ್ಮನ ಮನಸ್ಸು ನೋಯಬಾರದು ಎಂಬುದು ನನಗಿಂತ ಮೊದಲು ಅವಳಿಗೆ ಹೊಳೆಯಿತು. ಆ ಸ್ಥಿತಿಯಲ್ಲೂ ನನಗೆ ಹೊಟ್ಟೆ ಉರಿಯಿತು ಎಂದರೆ ನಂಬುತ್ತೀರಾ?

ಸ್ಯಾಂಪಲ್ ಪರೀಕ್ಷೆಯಾಯಿತು, ತಾಮ್ರವೇ. ಸರ್ ಹತ್ತಿರ ನೀರಿನ ಸಂಗತಿ ನಾನೇ ಹೇಳಿದೆ. ಅವರು ಅಕ್ಕನಿಗೆ ಕೀ ವಾಪಸ್ ಕೊಟ್ಟು, ತಾವೇ ಹೋಗಿ ಚಹಾ ತಂದುಕೊಟ್ಟರು. ಅಕ್ಕ ಆ ಚಹಾ ಕುಡಿಯುತ್ತ ನನ್ನ ಪುಸ್ತಕ ತೆರೆದು, "ಇದನ್ನ್ ಹರೂಕೆ ಹೋಗ್ಬೇಡ. ಮೀನ್ ಸಾಯ್ದೇ, ಬೆಳೀದೇ ಇಪ್ಪಷ್ಟ್ ತಾಮ್ರದ್ ಲೆಕ್ಕ ನಿನ್ನ್ ಕೈಯಂಗೆ ತಾನಾಯಿ ಬಂದ್ ಬಿದ್ದಿತ್ತ್. ಮುಂದಿನ್ ಮಳೆಗಾಲ್ದಂಗೆ ಸರಿಯಾಯಿ ಮಾಡಿ ಬರಿ," ಎಂದಳು.

ಮುಂದಿನ ಮಳೆಗಾಲದವರೆಗೆ ಕಾಯಲು ನನಗೆ ಮನೆಯಿತ್ತು, ಕೆಳಗೆ ಹೋಟೆಲಿತ್ತು. ಅಕ್ಕನಿಗೆ ಫೆಲೋಶಿಪ್ ಮುಗಿದಿತ್ತು, ಊರಲ್ಲಿ ಅಪ್ಪ ದೋಣಿಗೆ ಹೋಗುವುದನ್ನು ನಿಲ್ಲಿಸಿದ್ದರು. ಹಾಳಾದ ಪ್ರಯೋಗದ ಮೇಲೆ ಥೀಸಿಸ್ ಆಗುವುದಿಲ್ಲ. ಉತ್ತರಾಯಣದ ಗಾಳಿಪಟಗಳು ಇನ್ನೂ ಮರಗಳಿಗೆ ಸಿಕ್ಕಿಕೊಂಡಿದ್ದ ದಿನಗಳಲ್ಲಿ ಅವಳು ಸೂರತ್ತಿನ ಪಕ್ಕದ ಕಾರ್ಖಾನೆಗಳ ಊರಾದ ಸಚಿನ್‌ಗೆ ಹೊರಟುಹೋದಳು. ಅಲ್ಲೊಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕಾರ್ಖಾನೆಗಳು ಶುದ್ಧಗೊಳಿಸಿ ಹೊರಬಿಡುವ ನೀರಿನಲ್ಲಿ ಮೀನುಗಳನ್ನು ಬಿಟ್ಟು, ಎಷ್ಟು ಬದುಕುತ್ತವೆ ನೋಡಿ ವರದಿ ಬರೆಯುವುದು. ಊರಿನ ಕಾಲೇಜಿನ ಕೆಲಸ ಬೇರೆ ಯಾರಿಗೋ ಹೋಯಿತು. ಅವಳು ಡಾಕ್ಟರೇಟ್ ಮುಗಿಸಲೇ ಇಲ್ಲ. ನಾನು ಮುಗಿಸಿದೆ, ತಾಮ್ರದ ಅಧ್ಯಾಯದೊಂದಿಗೆ.

ಎರಡು ವರ್ಷದ ನಂತರ ಅಹಮದಾಬಾದಿನ ಒಂದು ವಿಚಾರ ಸಂಕಿರಣದಲ್ಲಿ ಆ ಅಧ್ಯಾಯವನ್ನು ಓದಿದೆ. ಸೂರತ್ತಿನಿಂದ ಬೆಳಗಿನ ರೈಲು ಹಿಡಿದು ಅಕ್ಕ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹಿರಿಯರೊಬ್ಬರು ಎದ್ದು, ಈ ಪ್ರಮಾಣವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರು. ನಾನು ಹಿಂದಿನ ಸಾಲು ನೋಡಿದೆ. "ಮೊದಲಿನ ಒಂದು ಆಕಸ್ಮಿಕ ಗಮನಿಕೆಯಿಂದ," ಎಂದೆ. ಚಪ್ಪಾಳೆಯಾಯಿತು.

ಹೊರಗೆ ಬೇವಿನ ಮರದ ಕೆಳಗೆ ಚಹಾ ಹಿಡಿದು ನಿಂತಾಗ ಅಕ್ಕ ನಕ್ಕಳು. "ಚಂದ ಮಾತಾಡ್ದೆ. ಕೊಡಪಾನದ್ ಸುದ್ದಿ ಎಂತಕ್ಕೆ ಹೇಳ್ಲಿಲ್ಲ?"

"ಅಕ್ಕ, ಆವತ್ತು ಸರ್ ಹತ್ತಿರ ಕೀ ವಿಷಯ ಹೇಳಿದ್ದು..."

"ನೀನೇ ಅಂತ ಗೊತ್ತಿತ್ತ್ ಮಾರಾಯ್ತಿ. ನನ್ನ್ ಕಂಡ್ರೆ ನಿಂಗೆ ಆಪ್ದಿಲ್ಲ ಅಂತ ಮೀನಿಗೂ ಗೊತ್ತಿದ್ದಿತ್ತ್." ಚಹಾದ ಲೋಟ ಕೆಳಗಿಟ್ಟಳು. ನಗು ಹೋಗಿತ್ತು. "ಅದಕ್ಕೆ ಸಿಟ್ಟಿಲ್ಲ. ನನ್ನ್ ಮೀನಿಗೆ ನೀರ್ ಹಾಕೂಕಿಂತ ಮುಂಚೆ ಒಂದ್ ಮಾತ್ ನನ್ನ್ ಕೇಣ್ಲಕ್ಕಿತ್ತ್. 'ಅಕ್ಕ, ಹಾಕ್ಲಾ?' ಅಂತ. ಅಷ್ಟೇ. ಕೇಣ್ಲಿಲ್ಲ ನೀನ್. ಅದಕ್ಕೆ ಸಿಟ್ಟಿತ್ತ್. ಈಗ್ಳೂ ಇತ್ತ್."

ಸಮಾಧಾನ ಮಾಡಲಿಲ್ಲ, ಬೆನ್ನು ಸವರಲಿಲ್ಲ. ರೈಲಿನ ಹೊತ್ತಾಯಿತೆಂದು ಹೊರಟಳು. ಅವಳು ಕ್ಷಮಿಸಿದೆ ಎಂದು ಹೇಳಿದ್ದರೆ ನನಗೆ ಅದೂ ಒಂದು ಹೊಟ್ಟೆಕಿಚ್ಚಿನ ಕಾರಣವಾಗುತ್ತಿತ್ತೇನೋ. ಸಿಟ್ಟನ್ನು ಉಳಿಸಿಕೊಂಡು ಹೋದದ್ದರಿಂದಲೇ ಇರಬೇಕು, ಆಮೇಲಿನ ವರ್ಷಗಳಲ್ಲಿ ನಾವು ಹತ್ತಿರವಾದೆವು. ಭಾನುವಾರ ಫೋನ್ ಮಾಡುತ್ತಿದ್ದಳು. ಅರ್ಧ ಮಾತು ನನ್ನ ಜೊತೆ, ಉಳಿದರ್ಧ ಅಮ್ಮನ ಜೊತೆ. ಅಮ್ಮನ ಕೊಡಪಾನ ಇವತ್ತಿಗೂ ಹೊಳೆಯುತ್ತದೆ. ಅದು ಏನು ಮಾಡಿತು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕ ಹೋದಳು. ಎಂಟು ದಿನದ ಡೆಂಗ್ಯೂ ಜ್ವರ. ಸುದ್ದಿ ತಿಳಿಯುವ ಹೊತ್ತಿಗೆ ಅವಳ ತಮ್ಮ ಬಂದು ಎಲ್ಲ ಮುಗಿಸಿದ್ದ. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಹೋದರೆ ಅಮ್ಮ ಇಷ್ಟು ಅಳುತ್ತಾಳೋ ಇಲ್ಲವೋ ಎಂಬ ಯೋಚನೆ ನನ್ನ ತಲೆಗೆ ಬಂದದ್ದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮುಚ್ಚಿಡುವುದಕ್ಕೆ ಈಗ ಯಾರಿದ್ದಾರೆ?

ಎರಡು ವಾರದ ನಂತರ ಸಚಿನ್‌ಗೆ ಹೋದೆ, ಅವಳು ಕೆಲಸ ಮಾಡಿದ ಜಾಗ ನೋಡಬೇಕು ಎನಿಸಿ. ಉದ್ದನೆಯ ಶೆಡ್ಡಿನಂಥ ಕೋಣೆ, ಗೋಡೆಯುದ್ದಕ್ಕೂ ಟ್ಯಾಂಕುಗಳು. ನೋಡಿಕೊಳ್ಳುತ್ತಿದ್ದವಳು ಇಪ್ಪತ್ತರ ಆಸುಪಾಸಿನ ಒಬ್ಬಳು ಗುಜರಾತಿ ಹುಡುಗಿ. ದೀದಿಯ ಗೆಳತಿ ಎಂದಾಗ ಅವಳ ಕಣ್ಣು ತುಂಬಿತು. ಮೂಲೆಯಲ್ಲಿ ಪರೀಕ್ಷೆಗೆ ಸೇರದ ಒಂದು ಟ್ಯಾಂಕ್ ಇತ್ತು. ಪರೀಕ್ಷೆ ಮುಗಿಸಿ ಬದುಕುಳಿದ ಮೀನುಗಳನ್ನು ದೀದಿ ಅದರಲ್ಲಿ ಬಿಡುತ್ತಿದ್ದಳಂತೆ, ಬೆಳೆಯುತ್ತವೋ ನೋಡೋಣ ಎಂದು. ವರದಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಆದರೂ ತಿಂಗಳಿಗೊಮ್ಮೆ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಅವುಗಳಲ್ಲೊಂದು ದೊಡ್ಡ ಮೀನು ಮೇಲಕ್ಕೆ ಬಂತು. ನಾನು ಕೈ ಚಾಚಿದೆ.

"ಬೇನ್, ಪೆಹಲಾ ಹಾಥ್ ಭೀನೋ ಕರೋ." ಅಕ್ಕಾ, ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಹುಡುಗಿ ಬಕೆಟ್ ಮುಂದೆ ತಳ್ಳಿದಳು.

ಡಾಕ್ಟರೇಟ್ ಇದ್ದವಳು, ಗೋರ್ವಾದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವಳು, ಒಣ ಕೈ ಹಾಕಹೊರಟಿದ್ದೆ. ಹುಡುಗಿಯ ಕೈ ನೋಡಿದೆ. ಉಗುರುಗಳು ಬುಡಕ್ಕೆ ಕತ್ತರಿಸಿದ್ದವು, ಬೆರಳ ತುದಿಗಳು ಸುಕ್ಕಾಗಿದ್ದವು. ಅವಳು ಕೈ ಇಳಿಸಿ ಸುಮ್ಮನೆ ಹಿಡಿದಳು. ಮೀನು ಬಂದು ಅಂಗೈ ಮೇಲೆ ನಿಂತಿತು. ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಕಲಿಯುವವರಿಗೆಲ್ಲ ಅಕ್ಕ ಕೊಟ್ಟುಹೋಗಿದ್ದಾಳೆ. ಪಕ್ಕದಲ್ಲೇ ಮೂರು ವರ್ಷ ನಿಂತಿದ್ದ ನಾನು ತೆಗೆದುಕೊಳ್ಳಲಿಲ್ಲ.

ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಅದ್ದಿದೆ. ಕಟ್ಟೆಯ ಮೇಲೆ ಹಿಂಡಿಯ ಡಬ್ಬಿಯಿತ್ತು. ಮುಚ್ಚಳ ತೆಗೆದು ಒಂದು ಚಿಟಿಕೆ ತೆಗೆದುಕೊಂಡೆ. ಟ್ಯಾಂಕಿನ ಮೇಲೆ ಕೈ ಹಿಡಿದವಳು ನಿಂತೆ.

"ಹಾಕಲಾ?" ಎಂದು ಕೇಳಿದೆ, ಕನ್ನಡದಲ್ಲೇ. ಹುಡುಗಿ ಅರ್ಥವಾಗದೆ ನನ್ನ ಮುಖ ನೋಡಿದಳು. ಅವಳು ಹೂಂ ಎನ್ನುವವರೆಗೂ ನಾನು ಕೈ ಹಾಗೇ ಹಿಡಿದುಕೊಂಡು ನಿಂತಿದ್ದೆ.